ಥಂಡಿಯಲ್ಲಿ ಬರೆದ ನಕ್ಷೆ

“ಈ ಊರಾಗ ಮಂದಿಗೆ ಕೂಡಾಕ ಜಗಾ ಇಲ್ಲಂತ ಯಾವ ಪುಣ್ಯಾತ್ಮ ಹೇಳಿದಾ?”

ಗುರುಲಿಂಗಮ್ಮ ಇದನ್ನು ಯಾರನ್ನೂ ಕೇಳಲಿಲ್ಲ. ಕೇಳೋಣವೆಂದರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಡಿಸೆಂಬರಿನ ಥಂಡಿ, ಬೆಳಗಿನ ಆರು ಇನ್ನೂ ಹೊಡೆದಿರಲಿಲ್ಲ. ತಲೆಯ ಮೇಲೆ ಸೆರಗು, ಕೈಯಲ್ಲಿ ಕಸಬರಿಗೆ, ಎದುರಿಗೆ ಬೇವಿನ ಮರ. ಮರದ ಎದೆಗೆ ನಾಲ್ಕು ಮೊಳೆ ಬಡಿದು ಯಾರೋ ಒಂದು ಬ್ಯಾನರು ಬಿಗಿದು ಹೋಗಿದ್ದರು.

ಅವಳಿಗೆ ಓದು ಬಾರದು. ಬ್ಯಾನರಿನಲ್ಲಿ ಏನಿದೆಯೆಂದು ಹಿಂದಿನ ಸಂಜೆ ಅಮರಗುಂಡಪ್ಪ ಮಾಸ್ತರರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿ ಹೇಳಿದ್ದರು. ‘ಅಂದದ ಊರು ಸಮಿತಿ. ಬಯಲು ಕೆಫೆ ಯೋಜನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ. ಇನ್ನು ನಮ್ಮ ಜನಕ್ಕೂ ಹೊರಗೆ ಕೂಡುವ ಸುಖ.’ ಒಂದು ಮೂಲೆಯಲ್ಲಿ ಸಮಿತಿಯ ಅಧ್ಯಕ್ಷ ಸಂಗನಬಸವ ಕೈಮುಗಿದುಕೊಂಡು ನಿಂತಿದ್ದ. ಇನ್ನೊಂದು ಮೂಲೆಯಲ್ಲಿ ಯಾವುದೋ ದೂರದೇಶದ ಗಂಡಹೆಂಡತಿ ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೊಂಡು, ಬಣ್ಣದ ಛತ್ರಿಯ ಕೆಳಗೆ, ಹೊಗೆಯಾಡುವ ಕಾಫಿ ಹಿಡಿದುಕೊಂಡು ನಗುತ್ತಿದ್ದರು.

“ಮೈತುಂಬ ಉಣ್ಣಿ ಹೊದ್ದುಕೊಂಡು ಹೊರಗ ಕುಂತಾರ ನೋಡು. ಬ್ಯಾಸಿಗ್ಯಾಗ ಇವ್ರನ್ನ ಒಂದ್ಸಲ ಸಿಂಧನೂರಿಗೆ ಕರಕೊಂಡು ಬರಬೇಕು,” ಎಂದು ಗುರುಲಿಂಗಮ್ಮ ಕಟ್ಟೆ ಗುಡಿಸತೊಡಗಿದಳು.

ಹೊರಗೆ ಕೂಡುವ ಸುಖ ಅಂತೆ! ಕಾಟಾ ಬಯಲಿನಲ್ಲಿ ಜನ ಹೊರಗೆ ಕೂಡದೆ ಒಳಗೆ ಕೂತದ್ದು ಯಾವಾಗ? ಹಿಂದೆ ಬತ್ತ, ಜೋಳ ತೂಗುವ ದೊಡ್ಡ ತಕ್ಕಡಿ ಅಲ್ಲಿ ಇತ್ತು, ಅದಕ್ಕೇ ಆ ಹೆಸರು. ತಕ್ಕಡಿ ಹೋಗಿ ಎಷ್ಟೋ ಕಾಲವಾಯಿತು. ಅದು ನಿಂತಿದ್ದ ಕಲ್ಲಿನ ಕಟ್ಟೆ ಮಾತ್ರ ಬಯಲಿನ ನಟ್ಟನಡುವೆ ಉಳಿದಿದೆ. ಅದು ಕಾಟಾ ಕಟ್ಟೆ. ಬಯಲಿನ ಪಡುವಣ ಅಂಚಿಗೆ ಬೇವಿನ ಮರ, ಅದರ ಸುತ್ತ ಗಾರೆ ಮಾಡಿದ ಬೇವಿನ ಕಟ್ಟೆ. ಊರಿನವರು ವರ್ಷವನ್ನು ಎರಡು ಪಾಲು ಮಾಡಿ ಇವೆರಡಕ್ಕೂ ಹಂಚಿದ್ದರು. ದೀಪಾವಳಿ ಮುಗಿದು ಥಂಡಿ ಬಿತ್ತೆಂದರೆ ಮುಂಜಾನೆ ಎಲ್ಲರೂ ಕಾಟಾ ಕಟ್ಟೆಯ ಮೇಲೆ. ಊರಿನ ಮೊದಲ ಬಿಸಿಲು ಬೀಳುವುದು ಅಲ್ಲಿ. ಸಾಲಗುಂದ, ದಢೇಸುಗೂರಿನ ಕಡೆಯಿಂದ ಬಂದ ರೈತರು, ಹಮಾಲರು, ಆಟೋದವರು ಶಾಲು ಹೊದ್ದುಕೊಂಡು ಕೋಳಿಮರಿಗಳ ಹಾಗೆ ಒತ್ತಾಗಿ ಕೂತು ಬಿಸಿಲು ಕಾಯಿಸುತ್ತಿದ್ದರು. ಒಂಬತ್ತಕ್ಕೆ ಮೈ ಬೆಚ್ಚಗಾಯಿತೆಂದರೆ ಕಟ್ಟೆ ಖಾಲಿ. ಶಿವರಾತ್ರಿ ಕಳೆದ ಮೇಲೆ ಆ ಕಲ್ಲಿನ ಮೇಲೆ ಕಾಗೆಯೂ ಕೂಡುವುದಿಲ್ಲ. ಆಗ ಬೇವಿನ ಕಟ್ಟೆಯ ಪಾಳಿ.

ಮುನ್ನಿಬೀಯ ಚಹಾದ ಗಾಡಿಗೆ ಗಾಲಿ ಇರುವುದೇ ಅದಕ್ಕೆ. ಥಂಡಿಯಲ್ಲಿ ಕಾಟಾ ಕಟ್ಟೆಯ ಮಗ್ಗುಲಿಗೆ, ಬೇಸಿಗೆಯಲ್ಲಿ ಬೇವಿನ ಬುಡಕ್ಕೆ. ಬೇಸಿಗೆಯಲ್ಲೂ ಬೆಳಿಗ್ಗೆ ಮರದ ಪಡುವಣ ಮಗ್ಗುಲಿಗೆ, ಮಧ್ಯಾಹ್ನದ ಮೇಲೆ ಮೂಡಣಕ್ಕೆ. ನೆರಳು ಎತ್ತ ಸರಿಯಿತೋ ಅತ್ತ ಗಾಡಿ, ಗಾಡಿ ಎತ್ತಲೋ ಅತ್ತ ಮಂದಿ. ಇದಕ್ಕೆ ಯಾರೂ ಬ್ಯಾನರು ಕಟ್ಟಿರಲಿಲ್ಲ.

ಈ ಬೇವಿನ ಕಟ್ಟೆಯೇ ಗುರುಲಿಂಗಮ್ಮನ ಶಾಲೆ. ಗುರುಗುಂಟಾದ ತವರಿನಿಂದ ಮದುವೆಯಾಗಿ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಪ್ರತಿ ಬೇಸಿಗೆ ಬಸವ ಜಯಂತಿಗೆ ಮಂಗಳವಾಗುವ ಹಾಗೆ ಒಂದು ತಿಂಗಳು ಈ ಮರದ ಕೆಳಗೆ ಪುರಾಣ ನಡೆಯುತ್ತದೆ. ಮೂವತ್ತು ಬೇಸಿಗೆ ಅವಳು ಒಂದೇ ಜಾಗದಲ್ಲಿ, ಬುಡದ ಮೂಡಣಕ್ಕೆ ಎದ್ದ ಬೇರಿಗೆ ಒರಗಿಕೊಂಡು ಕೇಳಿದ್ದಾಳೆ. ಸಾವಿರ ಪದ್ಯ ಕಿವಿಯಿಂದ ಇಳಿದು ಹೊಟ್ಟೆ ಸೇರಿವೆ. ಪುರಾಣ ಓದುವ ಅಮರಗುಂಡಪ್ಪ ಮಾಸ್ತರರು ಒಂದು ಸಾಲು ಹಾರಿಸಿದರೆ ಅವಳು ಕೆಮ್ಮುತ್ತಾಳೆ, ಮಾಸ್ತರರು ಹಿಂದಕ್ಕೆ ಹೋಗಿ ಓದುತ್ತಾರೆ. ಅಷ್ಟೇ ಅವಳ ಮಾತು. ಉಳಿದದ್ದೆಲ್ಲ ಕಸಬರಿಗೆಯ ಜೊತೆಗೆ.

ಬ್ಯಾನರು ಕಟ್ಟಿದ ವಾರದಲ್ಲೇ ಅಳೆಯುವವರು ಬಂದರು. ದೊಡ್ಡ ಊರಿನ ಯಾವುದೋ ಕಂಪನಿಯ ಹುಡುಗಿ ಭುವನೇಶ್ವರಿ, ಜೊತೆಗೊಬ್ಬ ಫೋಟೋದವನು. ಸಿಂಧನೂರಿಗೆ ಐದು ದಿನ, ಲಿಂಗಸುಗೂರಿಗೆ ಮೂರು, ಮಸ್ಕಿಗೆ ಎರಡು. ಎಲ್ಲೆಡೆಯೂ ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮಾತ್ರ. ಆ ಹೊತ್ತಿನ ಬೆಳಕಿಗೆ ಫೋಟೋ ಬಂಗಾರದಂತೆ ಬರುತ್ತವಂತೆ. ಜನ ತಾವಾಗಿಯೇ ಎಲ್ಲಿ ಕೂಡುತ್ತಾರೋ ಅಲ್ಲೇ ಕೆಫೆ ಹಾಕಬೇಕು, ಅದು ಅವರ ಶಾಸ್ತ್ರ. ಶಾಸ್ತ್ರವೇನೋ ಸರಿಯೇ ಇತ್ತು.

ಹುಡುಗಿ ಕೈಯಲ್ಲಿ ಟ್ಯಾಬ್ ಎಂಬ ಗಾಜಿನ ಹಲಗೆ ಹಿಡಿದು ಕಾಟಾ ಕಟ್ಟೆಯ ಮೇಲಿನ ತಲೆಗಳನ್ನೆಲ್ಲ ಎಣಿಸಿದಳು. ಆಮೇಲೆ ಬೇವಿನ ಕಟ್ಟೆಗೆ ಬಂದಳು. ಅಲ್ಲಿ ಒಂದು ನಾಯಿ ಮತ್ತು ಗುರುಲಿಂಗಮ್ಮ.

“ಅಮ್ಮಾ, ಈ ಕಡೆ ಯಾರೂ ಕೂತ್ಕೊಳ್ಳಲ್ವಾ?”

“ಕೂಡ್ತಾರವ್ವಾ.”

“ಐದು ದಿನದಿಂದ ನೋಡ್ತಿದ್ದೀನಿ, ಒಬ್ರೂ ಇಲ್ಲ.”

“ಈಗ ಥಂಡಿ ಐತಲ್ಲ. ಥಂಡ್ಯಾಗ ನೆಳ್ಳಾಗ ಯಾರು ಕೂಡ್ತಾರವ್ವಾ, ತಂಗಿ? ಬ್ಯಾಸಿಗ್ಯಾಗ ಬಾ. ಆವಾಗ ಆ ಕಾಟಾ ಕಟ್ಟಿ ಮ್ಯಾಲ ಒಬ್ಬಾಂವ ಕುಂತದ್ದು ತೋರಸು, ನಿನಗ ಸೀರಿ ಉಡಿಸಿ ಕಳಸ್ತೀನಿ.”

ಹುಡುಗಿ ನಕ್ಕಳು. ಕೆಟ್ಟ ಹುಡುಗಿಯಲ್ಲ. ಗಾಜಿನ ಹಲಗೆಯ ಮೇಲೆ ಬೆರಳಾಡಿಸಿ, “ಇದಕ್ಕೆ ಇದರಲ್ಲಿ ಜಾಗ ಇಲ್ಲ ಅಮ್ಮಾ, ಕೊನೇಲಿ ಬೇರೆ ಬರೀತೀನಿ,” ಎಂದಳು.

ಆಚೆ ಗಾಡಿಯ ಹತ್ತಿರ ಮುನ್ನಿಬೀ ಲೋಟ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹುಡುಗಿ ಅತ್ತ ಹೋದದ್ದೇ ತಡ, ಇತ್ತ ಶುರುವಾದಳು.

“ಗುರಕ್ಕಾ, ಎಲ್ಲಿ ನಿಂದರಬೇಕಂತ ನನ್ನ ಗಾಡಿಗೇ ಗೊತ್ತೈತಿ. ಇವ್ರಿಗೆ ಮಿಷನ್ ಬೇಕಾತು ನೋಡು.”

“ಮಿಷನ್‌ಗೆ ಥಂಡಿ ಆಗಂಗಿಲ್ಲ, ಸೆಕಿ ಆಗಂಗಿಲ್ಲ. ಅದಕ್ಕ ಎಲ್ಲಾ ಜಗಾನೂ ಒಂದ.”

“ಹೌದಲ್ಲ! ನಮ್ಮ ಮನಿಯಾಂವ ಹಂಗೇ ಇದ್ದ,” ಎಂದು ಮುನ್ನಿಬೀ ಚಹಾಕ್ಕೆ ಶುಂಠಿ ಜಜ್ಜಿದಳು.

ಸಂಗನಬಸವ ಗುರುಲಿಂಗಮ್ಮನ ಖಾಸಾ ಅಣ್ಣನ ಮಗ, ಚಿಕ್ಕಂದಿನಲ್ಲಿ ಅವಳ ಮನೆಯಲ್ಲೇ ಬೆಳೆದವನು. ಟೈಲ್ಸ್ ಅಂಗಡಿ ಇಟ್ಟು ದೊಡ್ಡವನಾದವನು. ಎರಡು ವರ್ಷದ ಹಿಂದೆ ಹೈದರಾಬಾದಿಗೆ ಮಾಲು ತರಲು ಹೋದಾಗ ಕೆರೆಯ ದಂಡೆಯ ಮೇಲೆ ಒಂದು ಕಾಫಿ ಕುಡಿದನಂತೆ. ನೊರೆಯ ಮೇಲೆ ಎಲೆಯ ಚಿತ್ರ ಬಿಡಿಸಿ ಕೊಟ್ಟಿದ್ದರಂತೆ. ಅಂದಿನಿಂದ ಅವನಿಗೆ ಊರಿನ ಚಹಾದಲ್ಲಿ ಏನೂ ಕಾಣದಾಯಿತು. “ಲಿಂಗಸುಗೂರಿನವ್ರು ಮಾಡಿಬಿಡ್ತಾರ, ಮಸ್ಕಿಯವ್ರು ಮಾಡಿಬಿಡ್ತಾರ, ನಾವು ಕುಂತಲ್ಲೇ ಕುಂತಿರೋದೇನ್ರೀ?” ಎಂದು ಎದ್ದು ನಿಂತು ಭಾಷಣ ಮಾಡಿದವನು, ಮೂರೂ ಊರಿನ ಹಿರಿಯರನ್ನು ಕೂಡಿಸಿ ಸಮಿತಿ ಮಾಡಿ, ತಾನೇ ಅಧ್ಯಕ್ಷನಾದ. ಜನ ಕುಂತಲ್ಲೇ ಕುಂತಿರಲೆಂದು ಮಾಡುವ ಕೆಲಸಕ್ಕೆ ಹೀಗೆ ಭಾಷಣ ಶುರುಮಾಡಿದವನು ಈ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಶಿವರಾತ್ರಿಗೆ ಇನ್ನು ಎಂಟು ದಿನವಿದೆ ಎನ್ನುವಾಗ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಸೇರಿಸಿದರು. ‘ಎಲ್ಲರೂ ಬರಬಹುದು’ ಎಂದು ಆಟೋದ ಮೈಕಿನಲ್ಲಿ ಕೂಗಿದ್ದರಿಂದ ಗುರುಲಿಂಗಮ್ಮನೂ ಹೋದಳು. ಎಲ್ಲರೂ ಎಂದರೆ ಯಾರು ಎನ್ನುವುದು ಅಲ್ಲಿ ಹೋದ ಮೇಲೆ ತಿಳಿಯಿತು. ಅವಳಿಗೆ ಹಿಂದಿನ ಸಾಲಿನಲ್ಲಿ, ಕಂಬದ ಮರೆಗೆ ಜಾಗ ಸಿಕ್ಕಿತು. ಒಳಗೆ ಎಸಿ ಎಷ್ಟು ಕೊರೆಯುತ್ತಿತ್ತೆಂದರೆ ಹೊರಗೆ ಕೂಡುವ ಸುಖದ ಬಗ್ಗೆ ಮಾತಾಡುವವರೆಲ್ಲ ಕೈ ಕಟ್ಟಿಕೊಂಡು ಮುದುಡಿ ಕೂತಿದ್ದರು.

ಗೋಡೆಯ ಮೇಲೆ ಕಾಟಾ ಬಯಲು ಮೂಡಿತು. ಮಂದಿ ಹೆಚ್ಚು ಕೂಡುವಲ್ಲಿ ಕೆಂಪು, ಯಾರೂ ಇಲ್ಲದಲ್ಲಿ ನೀಲಿ. ನಡುವೆ ಕಾಟಾ ಕಟ್ಟೆ ಕೆಂಡದಂತೆ ಉರಿಯುತ್ತಿತ್ತು. ಬೇವಿನ ಮರ ನೀಲಿಯಲ್ಲಿ ಮುಳುಗಿತ್ತು.

ಕೋಲು ಹಿಡಿದು ತೋರಿಸುತ್ತಿದ್ದವನು ಸಂಗನಬಸವ. “ಇಲ್ಲಿ ನೋಡ್ರಿ. ಊರ ಮಂದಿ ತಾವಾಗಿ ಆರಿಸಿಕೊಂಡ ಜಗಾ. ಇಲ್ಲೇ ಇಪ್ಪತ್ನಾಕು ಖುರ್ಚಿ, ಆರು ಟೇಬಲ್, ಎಲ್ಲಾ ಕಬ್ಬಿಣದ್ದು. ಯಾರೂ ಹೊತ್ತುಕೊಂಡು ಹೋಗಬಾರದು ಅಂತ ಕಲ್ಲಿಗೆ ಬೋಲ್ಟ್ ಹಾಕಿ ಬಿಗೀತೀವಿ. ಈ ನೀಲಿ ಜಗಾ ಐತಲ್ಲ, ಇದು ಉಪಯೋಗಕ್ಕ ಬರದ ಜಗಾ. ಮರ ತಗದು ಕಟ್ಟಿ ಒಡದು ಕಾರ್ ಪಾರ್ಕಿಂಗ್.”

ಸಭೆಯೆಂದರೆ ಕೇಳುವುದು, ಮೂವತ್ತು ವರ್ಷ ಗುರುಲಿಂಗಮ್ಮ ಮಾಡಿದ್ದು ಅದನ್ನೇ. ಆದರೂ ಎದ್ದು ನಿಂತಳು. ಮೊದಲು ಕೆಮ್ಮಿದಳು. ಮಾಸ್ತರರಾಗಿದ್ದರೆ ಅಷ್ಟಕ್ಕೇ ಹಿಂದಕ್ಕೆ ಹೋಗಿ ತಪ್ಪು ತಿದ್ದಿಕೊಳ್ಳುತ್ತಿದ್ದರು. ಇಲ್ಲಿ ಯಾರೋ ನೀರಿನ ಬಾಟಲಿ ಕೊಟ್ಟರು.

“ಸಂಗನಬಸವಾ, ಅದು ಥಂಡ್ಯಾಗ ಕೂಡೋ ಜಗಾ ಅಪಾ. ಬಿಸಲು ಕಾಯಿಸಾಕ ಕುಂತಿದ್ರು ಮಂದಿ. ಬ್ಯಾಸಿಗ್ಯಾಗ ಅದರ ಮ್ಯಾಲ ಹಪ್ಪಳ ಹಾಕಿದ್ರ ಸುಟ್ಟು ಬರ್ತಾವು.”

ಮುಂದಿನ ಸಾಲಿನಲ್ಲಿ ನಗು. ಸಂಗನಬಸವ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡ.

“ಅತ್ತಿ, ಇದು ಡೇಟಾ ಅತ್ತಿ. ಎಣಿಸಿ ತಗದದ್ದು. ನಿನ್ನ ಕಣ್ಣಿಗೆ ಕಂಡದ್ದಲ್ಲ.”

“ಹೌದಪಾ. ನನ್ನ ಕಣ್ಣಿಗೆ ಕಂಡದ್ದು ಬರೇ ಮೂವತ್ತು ಬ್ಯಾಸಿಗಿ.”

“ಛತ್ರಿ ಹಾಕ್ತೀವಿ ಅತ್ತಿ, ದೊಡ್ಡ ದೊಡ್ಡ ಛತ್ರಿ. ನೀ ಪುರಾಣ ಕೇಳು, ಇದರಾಗ ಯಾಕ ಬೀಳ್ತಿ?”

“ಪುರಾಣ ಕೇಳೋ ಜಗಾನೇ ಕಾರಿಗೆ ಕೊಟ್ಟೀಯಲ್ಲೋ. ಮರದ ಬುಡಕ ನನ್ನ ತೊಡಿ ಮ್ಯಾಲ ಮಲಗಿ ಕೇಳಿದಾಂವ ನೀನೂ.”

“ಪುರಾಣಕ್ಕ ಒಂದು ಹಾಲ್ ಕೊಡಸ್ತೀನಿ, ಫ್ಯಾನ್ ಹಾಕಸ್ತೀನಿ. ಮುಂದಿನದು ನೋಡೂಣ್ರಿ,” ಎಂದು ಅವನು ಕೋಲು ಎತ್ತಿದ. ಗೋಡೆಯ ಮೇಲೆ ಲಿಂಗಸುಗೂರು ಮೂಡಿತು. ಅಲ್ಲಿಯೂ ನೆರಳಿಲ್ಲದ ಬಯಲು ಕೆಂಪು, ಹುಣಸೆ ಮರ ನೀಲಿ. ಮಸ್ಕಿ ಮೂಡಿತು. ಗುಡ್ಡದ ಬುಡದ ಬೋಳು ಬಂಡೆ ಕೆಂಪು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಭುವನೇಶ್ವರಿ ಬಳಿಗೆ ಬಂದಳು. ಮುಖ ಸಣ್ಣದಾಗಿತ್ತು. “ನೀವು ಹೇಳಿದ್ದು ಬರೆದಿದ್ದೀನಿ ಅಮ್ಮಾ. ನಲವತ್ತೇಳನೇ ಪುಟದಲ್ಲಿದೆ.”

“ಅಷ್ಟು ದೂರ ಯಾರು ನಡೀತಾರವ್ವಾ?” ಎಂದು ಗುರುಲಿಂಗಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಮರುದಿನ ಗುಡಿಸಲು ಹೋದಾಗ ಬೇವಿನ ಮರದ ಸುತ್ತ ಆಳೆತ್ತರಕ್ಕೆ ಒಂದು ಕೆಂಪು ಬಳೆ ಬಳಿದಿದ್ದರು. ಕಡಿಯುವ ಗುರುತು. ಬಣ್ಣ ಇನ್ನೂ ಹಸಿಯಾಗಿತ್ತು. ಸೆರಗಿನ ತುದಿಯಿಂದ ಒರೆಸಿದಳು. ಸೆರಗು ಕೆಂಪಾಯಿತು, ಬಳೆ ಹೋಗಲಿಲ್ಲ. ಉದ್ಘಾಟನೆಯ ಮರುದಿನವೇ ಕೊಡಲಿ ಎಂದು ಬಣ್ಣ ಬಳಿದವನು ಮುನ್ನಿಬೀಗೆ ಹೇಳಿ ಹೋಗಿದ್ದ.

ಶಿವರಾತ್ರಿ ಕಳೆಯಿತು. ಬಿಸಿಲು ಹೇಳಿದ ಮಾತಿಗೆ ಒಂದು ದಿನವೂ ತಪ್ಪದೆ ಬಂತು. ಕಾಟಾ ಕಟ್ಟೆಯಿಂದ ಮಂದಿ ಎದ್ದು ಬೇವಿನ ಕಟ್ಟೆಗೆ ಬಂದರು. ಮುನ್ನಿಬೀಯ ಗಾಡಿ ಅವರ ಹಿಂದೆ ಉರುಳಿ ಬಂತು. ಅತ್ತ ಖಾಲಿಯಾದ ಕಲ್ಲಿನ ಮೇಲೆ ಡ್ರಿಲ್ ಮಿಷನ್ ಕೂಗತೊಡಗಿತು. ಕೆಲಸದವರು ಅರ್ಧ ಗಂಟೆ ಕೊರೆದು, ಒಂದು ಗಂಟೆ ಬೇವಿನ ನೆರಳಿಗೆ ಬಂದು ಮಲಗುತ್ತಿದ್ದರು. ಎದ್ದು ಹೋಗಿ ಆ ನೆರಳು ಕಡಿಯುವವರಿಗೆ ಖುರ್ಚಿ ಬಿಗಿಯುತ್ತಿದ್ದರು.

“ಯಾಕೋ ತಮ್ಮಾ, ಇಲ್ಲ್ಯಾಕ ಬಂದಿ? ಅಲ್ಲೇ ಖುರ್ಚಿ ಅದಾವಲ್ಲ, ಕೂಡು,” ಎಂದು ಮುನ್ನಿಬೀ ಅವರ ಮೇಸ್ತ್ರಿ ನರಸಣ್ಣನನ್ನು ಕಾಡುತ್ತಿದ್ದಳು.

“ಖುರ್ಚಿ ಮ್ಯಾಲ ಕೂಡಬಾರದು ಅಂತ ಕಾಯಾಕ ನನ್ನ ಇಟ್ಟಾರಬೇ,” ಎನ್ನುತ್ತಿದ್ದ ಅವನು. “ಆ ಬಿಸಲೇ ನನಗಿಂತ ಚಲೋ ಕಾಯ್ತೈತಿ.”

ಛತ್ರಿ ಬಂದವು, ನಾಲ್ಕು. ಏಪ್ರಿಲಿನ ಬಿಸಿಗಾಳಿಗೆ ಒಂದು ಹಾರಿ ಹೋಗಿ ಕಾಲುವೆಗೆ ಬಿತ್ತು. ಒಬ್ಬ ರೈತ ಎತ್ತಿಕೊಂಡು ಹೋಗಿ ಗದ್ದೆಯಲ್ಲಿ ನೆಟ್ಟುಕೊಂಡ. ಇನ್ನೊಂದು ಒಳಮೈ ಹೊರಗಾಗಿ ಕಡ್ಡಿಗಳನ್ನು ಬಿಳಲಿನಂತೆ ಬಿಟ್ಟುಕೊಂಡು ನಿಂತಿತು. ಉಳಿದೆರಡನ್ನು ಮಡಿಚಿ, ಹೊಸದಾಗಿ ಕಟ್ಟಿದ ಕಾಫಿಯ ಗೂಡಿನೊಳಗೆ ಸೇರಿಸಿ ಬೀಗ ಹಾಕಿದರು.

ಅಮರಗುಂಡಪ್ಪ ಮಾಸ್ತರರು ಮಗಳ ಮನೆಗೆಂದು ಮಸ್ಕಿಗೆ ಹೋಗಿ ಬಂದವರು ಸುದ್ದಿ ತಂದರು. “ಅಲ್ಲೇ ಗುಡ್ಡದ ಬುಡಕ ಬಂಡಿಗಲ್ಲಿನ ಮ್ಯಾಲ ಖುರ್ಚಿ ಬಿಗದಾರವ್ವಾ. ಓತಿಕ್ಯಾತ ಸುದ್ದಾ ಬಂಡಿ ಸಂದ್ಯಾಗ ಹೊಕ್ಕೊಂಡು ಕುಂತೈತಿ. ಲಿಂಗಸುಗೂರಾಗೂ ಅದ ಕಥಿ ಅಂತ. ಹುಣಸಿ ಮರ ಕಡದೇ ಬಿಟ್ರಂತ.”

ಗುರುಲಿಂಗಮ್ಮ ಕತ್ತೆತ್ತಿ ಬೇವನ್ನು ನೋಡಿದಳು. ಚಿಗುರು, ಹೂ, ಎಲ್ಲ ಒಟ್ಟಿಗೆ ಬಂದಿತ್ತು. ಹೂ ಅಕ್ಕಿನುಚ್ಚಿನಂತೆ ಕಟ್ಟೆಯ ತುಂಬ ಉದುರಿತ್ತು. ಅಂದೇ ಪುರಾಣಕ್ಕೆ ಪೀಠ ಹಾಕಿದರು. ಇದು ಕೊನೆಯ ಪುರಾಣವಾದರೆ ಒಂದು ಸಾಲೂ ಹಾರಬಾರದು ಎಂದು ಅವಳು ಕಿವಿ ಬಿಗಿಮಾಡಿಕೊಂಡು ಕೂತಳು.

ಈ ಪುರಾಣಕ್ಕೆ ಒಂದು ಕಟ್ಟುಪಾಡಿದೆ. ದಿನದ ಸಂಧಿಗೆ ಪುಸ್ತಕ ಬಿಚ್ಚಿದ ಮೇಲೆ, ಆ ಸಂಧಿ ಮುಗಿದು ಮಂಗಳದ ಪದ ಹಾಡುವವರೆಗೆ ಕೇಳುವವರು ಏಳಬಾರದು. ನಡುವೆ ಬಂದವರು ಯಾರೇ ಇರಲಿ, ಸಿಕ್ಕಲ್ಲಿ ಕೂಡಬೇಕು, ಕೂತವರನ್ನು ಎಬ್ಬಿಸಬಾರದು. ಒಮ್ಮೆ ಗುರುಲಿಂಗಮ್ಮನ ಗಂಡನಿಗೆ ಚೇಳು ಕಡಿದಿತ್ತು. ಅವನು ಹಲ್ಲು ಕಚ್ಚಿ ಕೂತು, ಮಂಗಳ ಹಾಡಿಯೇ ದವಾಖಾನೆಗೆ ಹೋಗಿದ್ದ.

ಉದ್ಘಾಟನೆ ಬಸವ ಜಯಂತಿಗೆ ಎರಡು ದಿನ ಮೊದಲು, ಮಧ್ಯಾಹ್ನ ನಾಲ್ಕಕ್ಕೆ. ಜಿಲ್ಲೆಯಿಂದ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ಹಸಿರು ಬಣ್ಣ ಬಳಿದ ಇಪ್ಪತ್ತನಾಲ್ಕು ಕಬ್ಬಿಣದ ಖುರ್ಚಿ ಬೆಳಗಿನಿಂದ ಬಿಸಿಲು ಕುಡಿಯುತ್ತ ಸಾಹೇಬರಿಗಾಗಿ ಕಾದಿದ್ದವು. ಬಹಳ ಕಾದಿದ್ದವು. ಟೇಪಿಗೆ ಕಟ್ಟಿದ ಬಲೂನುಗಳು ಪಟ್ ಪಟ್ ಎಂದು ಒಂದೊಂದಾಗಿ ಒಡೆದವು. ಕೇಕಿನ ಮೇಲೆ ಕೆನೆಯಲ್ಲಿ ಬರೆಸಿದ್ದ ಊರಿನ ಹೆಸರು ಕರಗಿ ತಟ್ಟೆಯ ಅಂಚಿಗೆ ಬಂತು. ಸಮಿತಿಯ ಒಬ್ಬ ಸದಸ್ಯ ಫೋಟೋಕ್ಕೆಂದು ಗತ್ತಿನಿಂದ ಒಂದು ಖುರ್ಚಿಯಲ್ಲಿ ಕೂತ. ಕೂತಷ್ಟೇ ಬೇಗ ಎದ್ದ. ಆಮೇಲೆ ಎಲ್ಲರ ಜೊತೆಗೂ ನಿಂತುಕೊಂಡೇ ಮಾತಾಡಿದ.

ಇತ್ತ ಬೇವಿನ ಕೆಳಗೆ ಮೂರೂವರೆಗೇ ಪುಸ್ತಕ ಬಿಚ್ಚಿತ್ತು. ನಲವತ್ತು ಮಂದಿ ಇದ್ದರು. ಬಸ್ಸಿಗೆ ಕಾಯುವವರು, ಹಮಾಲರು, ತರಕಾರಿ ಮಾರುವ ಹೆಂಗಸರು. ಗಾಡಿಗೆ ಒರಗಿದ ಮುನ್ನಿಬೀಯೂ ಒಲೆ ಸಣ್ಣ ಮಾಡಿ ಕೇಳುತ್ತಿದ್ದಳು. ಆ ದಿನದ ಸಂಧಿಯಲ್ಲಿ, ಗುಡಿಸಲಿನ ನೆಲ ಸಾರಿಸುತ್ತಿದ್ದ ಒಬ್ಬ ಮುದುಕಿಯ ಬಾಗಿಲಿಗೆ ದೊರೆ ಬಂದು ನಿಂತಿದ್ದ. ಸಾರಿಸಿದ ನೆಲ ಹಸಿಯಾಗಿದೆ, ಆರುವ ತನಕ ಹೊರಗೇ ನಿಲ್ಲು ಎಂದು ಮುದುಕಿ ದೊರೆಗೆ ಹೇಳುವಲ್ಲಿಗೆ ಮಾಸ್ತರರು ಬಂದಿದ್ದರು.

ಆಗ ಸಂಗನಬಸವ ಬಂದ. ಹೊಸ ಜುಬ್ಬಾ ಬೆನ್ನಿಗೆ ಅಂಟಿತ್ತು. ಅವನ ಹಿಂದೆ ನರಸಣ್ಣ ಮತ್ತು ನಾಲ್ಕು ಆಳು, ಕಲ್ಯಾಣ ಮಂಟಪದ ಕೆಂಪು ಸೋಫಾ ಎರಡನ್ನು ಹೊತ್ತುಕೊಂಡು.

“ಮಾಸ್ತರ್ರ, ಒಂದು ನಿಮಿಷ ನಿಲ್ಲಸ್ರಿ.”

ಮಾಸ್ತರರ ಬೆರಳು ಸಾಲಿನ ಮೇಲೆ ನಿಂತಿತು. ಮೆತ್ತನೆಯ ಮನುಷ್ಯ, ಅವರು ನಿಲ್ಲಿಸಿದ್ದು ಹೆದರಿಕೆಗೋ ದಾಕ್ಷಿಣ್ಯಕ್ಕೋ ಅವರಿಗೇ ತಿಳಿಯದು. ಗುರುಲಿಂಗಮ್ಮ ಕೆಮ್ಮಿದಳು.

“ಅತ್ತಿ, ನೀನೇ ಹೇಳು ಇವ್ರಿಗೆ,” ಎಂದು ಸಂಗನಬಸವ ಬಗ್ಗಿ ಅವಳ ಕಿವಿಯ ಹತ್ತಿರ ಬಂದ. “ಸಾಹೇಬ್ರ ಕಾರು ಊರ ಹೊರಗ ಬಂದೈತಿ. ಅಲ್ಲಿ ಬಿಸಲು ಸ್ವಲ್ಪ ಜಾಸ್ತಿ ಆತು.”

“ಸ್ವಲ್ಪ?”

“ಆತು, ಬಾಳ ಆತು. ನೀ ಹೇಳಿದ್ದೇ ಖರೆ, ಸಾಕಾ? ಈಗ ಒಂದ ಅರ್ಧ ತಾಸು. ನಿಮ್ಮ ಮಂದಿ ಎದ್ದು ಅಲ್ಲಿ ಖುರ್ಚಿ ಮ್ಯಾಲ ಹೋಗಿ ಕೂಡಲಿ. ಟಾವೆಲ್ ಹಾಸಸ್ತೀನಿ. ಖುರ್ಚಿ ತುಂಬಿ ಕಾಣಬೇಕು, ಫೋಟೋ ಆಗಬೇಕು. ಸಾಹೇಬ್ರನ್ನ ಇಲ್ಲಿ ನೆಳ್ಳಾಗ ಸೋಫಾ ಹಾಕಿ ಕುಂದರಸ್ತೀನಿ.”

ತರಕಾರಿಯ ಹೆಂಗಸೊಬ್ಬಳು ಗೊಳ್ಳೆಂದು ನಕ್ಕಳು. “ನಮ್ಮನ್ನ ಬಿಸಲಾಗ ಇಟ್ಟು ಒಣಗಸ್ತಾನಂತ, ಮೆಣಸಿನಕಾಯಿ ಒಣಗಿಸಿದಂಗ!”

“ಸುಮ್ಮಕಿರಬೇ,” ಎಂದ ಸಂಗನಬಸವ. ಮತ್ತೆ ಅತ್ತೆಯತ್ತ ತಿರುಗಿದ. “ಎಲ್ರಿಗೂ ಕಾಫಿ ಪುಗಸಟ್ಟೆ. ಎಲಿ ಚಿತ್ರ ಬಿಡಿಸಿದ್ದು.”

“ಸಾಹೇಬ್ರು ಬರಲಿ ಅಪಾ. ಈ ಚಾಪಿ ಮ್ಯಾಲ ಜಗಾ ಐತಿ, ನಾ ಸರೀತೀನಿ. ಬಂದು ಕೂಡಲಿ, ಕೇಳಲಿ, ನೆಳ್ಳು ತಗೊಳ್ಳಲಿ. ಮುನ್ನಿಬೀ ಚಹಾ ಕೊಡ್ತಾಳ.”

“ಚಾಪಿ ಮ್ಯಾಲ? ಸಾಹೇಬ್ರನ್ನ? ಹಮಾಲರ ನಡುವ?”

“ಯಾಕ, ಅವ್ರಿಗೆ ಹೊರಗ ಕೂಡೋ ಸುಖ ಬ್ಯಾಡೇನು?”

ಗಾಡಿಯ ಹತ್ತಿರ ಮುನ್ನಿಬೀ ಬಾಯಿಗೆ ಸೆರಗು ತುರುಕಿಕೊಂಡಳು. ಹೊತ್ತ ಸೋಫಾದ ಕೆಳಗಿನಿಂದ ನರಸಣ್ಣ, “ಸಾಹುಕಾರ್ರ, ಇಳಸ್ಲೇನ್ರಿ, ಹೆಗಲು ಹೋತು,” ಎಂದ.

ರಸ್ತೆಯ ತಿರುವಿನಲ್ಲಿ ಕಾರಿನ ಹಾರನ್ನು ಕೇಳಿಸಿತು. ಸಂಗನಬಸವ ಕಟ್ಟೆಯ ಅಂಚಿಗೆ ಮಂಡಿಯೂರಿ ಕೂತ; ಐದು ವರ್ಷದವನಿದ್ದಾಗ ನಿದ್ದೆ ಬಂದರೆ ಹಾಗೆಯೇ ಬಂದು ಕೂಡುತ್ತಿದ್ದ. ಮರದ ಕೆಂಪು ಬಳೆಯ ಕಡೆ ಬೆರಳು ಮಾಡಿದ.

“ಅತ್ತಿ, ಕೇಳಿಲ್ಲಿ. ನಿನ್ನ ಪುರಾಣದಾಣಿ ಹೇಳ್ತೀನಿ. ಈಗ ನಿನ್ನ ಮಂದಿನ್ನ ಎಬ್ಬಿಸು, ಸಂಜಿಗೆ ನಾನೇ ನಿಂತು ಈ ಗುರುತು ಅಳಸ್ತೀನಿ. ಮರ ಉಳೀತೈತಿ, ಕಟ್ಟಿ ಉಳೀತೈತಿ. ಅರ್ಧ ತಾಸು, ಅಷ್ಟ. ಎಬ್ಬಸಲಿಲ್ಲ ಅಂದ್ರ ನಾಳೆ ಕೊಡ್ಲಿ ಬೀಳ್ತೈತಿ, ನನ್ನ ಕೈಯಾಗ ಏನೂ ಇರಂಗಿಲ್ಲ.”

ನಗು ನಿಂತುಹೋಯಿತು. ನಲವತ್ತು ಮುಖಗಳು ಗುರುಲಿಂಗಮ್ಮನ ಕಡೆ ತಿರುಗಿದವು. ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. ಅವರ ಕೈ ಪುಸ್ತಕ ಮುಚ್ಚುವ ಬಟ್ಟೆಯ ಕಡೆಗೆ ಅರ್ಧ ಹೋಗಿತ್ತು.

ಗುರುಲಿಂಗಮ್ಮ ಬೆನ್ನ ಹಿಂದೆ ಕೈ ಹಾಕಿ ಬೇರನ್ನು ಮುಟ್ಟಿದಳು. ಮೂವತ್ತು ವರ್ಷ ಒರಗಿ ನುಣುಪಾದ ಬೇರು. ಅರ್ಧ ತಾಸಿಗೆ ಮರ ಉಳಿಯುತ್ತದೆ. ಅರ್ಧ ತಾಸು ಏನು ಮಹಾ? ಮುಂದಿನ ವರ್ಷ ಇನ್ನೊಬ್ಬ ಸಾಹೇಬ ಬರುತ್ತಾನೆ. ಅವನಿಗೂ ಅರ್ಧ ತಾಸು. ಅದರ ಮುಂದಿನ ವರ್ಷ ಬಿಸಿಲು ಇನ್ನೂ ಏರಿರುತ್ತದೆ, ಆಗ ಒಂದು ತಾಸು. ಮರ ಇರುತ್ತದೆ, ಕಟ್ಟೆ ಇರುತ್ತದೆ, ಕೆಳಗೆ ಕೆಂಪು ಸೋಫಾ ಇರುತ್ತದೆ. ಕೇಳುವವರು ಅತ್ತ ಕಬ್ಬಿಣದ ಮೇಲೆ ಟಾವೆಲು ಹಾಸಿಕೊಂಡು ಫೋಟೋಕ್ಕೆ ಕೂತಿರುತ್ತಾರೆ. ಥಂಡಿಯಲ್ಲಿ ಬಂದು ಬೇಸಿಗೆಯ ನಕ್ಷೆ ಬರೆದ ಮಂದಿ. ಇವರ ಮಾತು ಯಾವ ಕಾಲಕ್ಕೆ ಹೇಳಿದ್ದೆಂದು ಯಾರು ನಂಬಬೇಕು? ಸಂಜೆಗೆ ಅಳಿಸುವ ಬಣ್ಣದ ಡಬ್ಬಿ ಎಲ್ಲಿದೆಯೆಂದು ಅವನಿಗಾದರೂ ಗೊತ್ತೇ?

“ಸಂಧಿ ಮುಗದಿಲ್ಲಪಾ,” ಎಂದಳು.

“ಅತ್ತಿ, ಕಾಲಿಗೆ ಬೀಳ್ತೀನಿ.”

“ಬೀಳು. ಬಿದ್ದಲ್ಲೇ ಕೂಡು. ಮುದುಕಿ ದೊರಿಗೆ ಏನಂದಳು ಕೇಳು.”

“ಮರ ಹೋಗ್ತೈತಿ ಅತ್ತಿ!”

“ಕಡಿಯೋರು ಬರಲಿ. ನಾಳಿನ ಸಂಧಿಗೂ ಇಲ್ಲೇ ಕುಂತಿರ್ತೀವಿ.”

ಕಾರು ಬಯಲಿಗೆ ಇಳಿಯಿತು. ಅದರ ಗಾಜು ಮೇಲಕ್ಕೇ ಇತ್ತು. ಅದು ಕಾಟಾ ಕಟ್ಟೆಯ ಹತ್ತಿರ ಒಂದು ಗಳಿಗೆ ನಿಂತಿತು, ಬಾಗಿಲು ತೆರೆಯಲಿಲ್ಲ, ಮೆಲ್ಲಗೆ ನೆರಳಿನ ಕಡೆಗೆ ಮೂತಿ ತಿರುಗಿಸಿತು. ಸಂಗನಬಸವ ದಡಬಡಿಸಿ ಎದ್ದ. ಅಂಗೈ ಜೋಡಿಸಿದ, ಆ ನಮಸ್ಕಾರ ಕಾರಿಗೋ ಅತ್ತೆಗೋ ತಿಳಿಯುವಂತಿರಲಿಲ್ಲ.

“ಕಡೀ ಸಲ ಕೇಳ್ತೀನಿ ಅತ್ತಿ. ಏಳ್ರಿ ಎಲ್ಲರೂ.”

ಗುರುಲಿಂಗಮ್ಮ ಮಾಸ್ತರರ ಕಡೆ ನೋಡಿ ಒಮ್ಮೆ ಕೆಮ್ಮಿದಳು. ಅವರ ಕೈ ಬಟ್ಟೆಯನ್ನು ಬಿಟ್ಟು ಸಾಲಿನ ಮೇಲೆ ಬಂತು. ಆಗ ಅವಳು ಅಣ್ಣನ ಮಗನ ಮುಖವನ್ನೇ ನೆಟ್ಟು ನೋಡಿದಳು.

“ಏಳಂಗಿಲ್ಲ.”